ಕಾಶ್ಮೀರ ಕಣಿವೆ ಸರೋವರವಾಗಿತ್ತಂತೆ, ಆ ನೀರೆಲ್ಲ ಎಲ್ಲಿಗೆ ಹೋಯಿತು?

ಪ್ರಶ್ನೆ: ಏಪ್ರಿಲ್‌ನಲ್ಲಿ ಮನೆಯವರ ಜೊತೆ ಕಾಶ್ಮೀರಕ್ಕೆ ಹೊರಟಿದ್ದೇವೆ. ಇಡೀ ಕಣಿವೆ ಹಿಂದೆ ಸರೋವರವಾಗಿತ್ತು, ಕಶ್ಯಪ ಋಷಿ ಅದನ್ನು ಬರಿದು ಮಾಡಿಸಿದರು ಎಂದು ನಮ್ಮಜ್ಜಿ ಹೇಳುತ್ತಿದ್ದರು. ಇದರಲ್ಲಿ ಏನಾದರೂ ನಿಜ ಇದೆಯೇ? ನೀರು ಹೋಗಲು ದಾರಿ ಇದೆ ಅಂದಮೇಲೆ 2014ರಲ್ಲಿ ಶ್ರೀನಗರದಲ್ಲಿ ನೀರು ವಾರಗಟ್ಟಲೆ ನಿಂತಿದ್ದು ಯಾಕೆ? ಇನ್ನೊಂದು ವಿಷಯ, ಅಲ್ಲಿ ಮಳೆಗಾಲ ಯಾವಾಗ?

ಉತ್ತರ: ನಿಮ್ಮಜ್ಜಿ ಹೇಳಿದ್ದರಲ್ಲಿ ಸರೋವರ ನಿಜ. ನೀರು ಹೊರಗೆ ಹೋದ ಜಾಗವೂ ನಿಜ. ನೀಲಮತ ಪುರಾಣದ ಪ್ರಕಾರ ಸತೀಸರ ಎಂಬ ಸರೋವರದಲ್ಲಿ ಜಲೋದ್ಭವನೆಂಬ ರಾಕ್ಷಸ ಅಡಗಿದ್ದ. ಕಶ್ಯಪರ ಕೋರಿಕೆಯ ಮೇಲೆ ದೇವತೆಗಳು ಬಂದರು, ನೇಗಿಲಿನಿಂದ ಬೆಟ್ಟ ಸೀಳಿ ನೀರು ಹೊರಗೆ ಬಿಟ್ಟರು. ಇವತ್ತು ಇಡೀ ಕಣಿವೆಯ ನೀರು ಹೊರಗೆ ಹೋಗುವುದು ಬಾರಾಮುಲ್ಲಾದ ಕಮರಿಯಲ್ಲಿ. ಕಥೆಯಲ್ಲಿ ಬೆಟ್ಟ ಸೀಳಿದ್ದೂ ಆ ಕಡೆಗೇ. ಬೇರೆ ದಾರಿ ಇಲ್ಲವೇ ಇಲ್ಲ. ಒಂದೇ ಒಂದು ಇಕ್ಕಟ್ಟು ದಾರಿ. ಸರೋವರದ ಕಥೆಗೂ 2014ಕ್ಕೂ ಬೇರೆ ಬೇರೆ ಉತ್ತರ ಬೇಕಿಲ್ಲ, ಎರಡೂ ಈ ದಾರಿಗೇ ಬಂದು ನಿಲ್ಲುತ್ತವೆ.

ಮೊದಲು ಜಾಗದ ಆಕಾರ ನೋಡೋಣ. ಇದು ನದಿ ಕೊರೆದು ಮಾಡಿದ ಕಿರಿದಾದ ಕಣಿವೆಯಲ್ಲ. ಎರಡು ಪರ್ವತ ಸಾಲುಗಳ ನಡುವೆ ತಗ್ಗಾಗಿ ಉಳಿದ ದೊಡ್ಡ ಬಯಲು. ಆಗ್ನೇಯದಿಂದ ವಾಯವ್ಯಕ್ಕೆ ಸುಮಾರು 135 ಕಿ.ಮೀ. ಉದ್ದ, ಅಗಲ 30–40 ಕಿ.ಮೀ. ಬಯಲೇ ಸಮುದ್ರಮಟ್ಟದಿಂದ ಸುಮಾರು 1,600 ಮೀಟರ್ ಎತ್ತರದಲ್ಲಿದೆ. ನೈಋತ್ಯಕ್ಕೆ ಪೀರ್ ಪಂಜಾಲ್ ಸಾಲು. ಅದರ ಎತ್ತರದ ಶಿಖರಗಳು 4,700 ಮೀಟರ್ ದಾಟುತ್ತವೆ. ಈಶಾನ್ಯಕ್ಕೆ ಮಹಾ ಹಿಮಾಲಯದ ಸಾಲು. ಆ ಕಡೆ ಕೊಲಹೋಯ್ 5,425 ಮೀಟರ್, ಹರಮುಖ್ 5,142 ಮೀಟರ್. ಎರಡೂ ತುದಿಗಳಲ್ಲಿ ಈ ಸಾಲುಗಳ ಕವಲುಗಳು ಸೇರಿಕೊಂಡು ಸುತ್ತು ಪೂರ್ತಿಯಾಗುತ್ತದೆ. ದಕ್ಷಿಣದಿಂದ ಬರುವವರು ಬನಿಹಾಲ್ ಕಣಿವೆದಾರಿ ಹತ್ತಿ ಇಳಿಯಬೇಕಿತ್ತು. ಅದು 2,832 ಮೀಟರ್ ಎತ್ತರದಲ್ಲಿದೆ. ಲಡಾಖ್ ಕಡೆಯ ಜೋಜಿ ಲಾ 3,500 ಮೀಟರಿಗೂ ಜಾಸ್ತಿ. ಈಗ ಸುರಂಗಗಳಿವೆ. ಆದರೆ ಬೆಟ್ಟ ಹತ್ತದೆ ಒಳಗೆ ಬರುವ ಸಹಜ ದಾರಿ ಝೇಲಂ ನದಿ ಹೊರಗೆ ಹೋಗುವ ಕಮರಿ ಒಂದೇ. 1947ಕ್ಕೆ ಮುಂಚೆ ಕಾಶ್ಮೀರದ ಮುಖ್ಯ ಗಾಡಿ ರಸ್ತೆ ಅದೇ ಕಮರಿಯಲ್ಲಿ ಬರುತ್ತಿತ್ತು.

ಈಗ ಸರೋವರದ ವಿಷಯ. ಸುಮಾರು 40 ಲಕ್ಷ ವರ್ಷಗಳ ಹಿಂದೆ ಪೀರ್ ಪಂಜಾಲ್ ಸಾಲು ಏಳುತ್ತಾ ಬಂತು. ಮಹಾ ಹಿಮಾಲಯದಿಂದ ದಕ್ಷಿಣಕ್ಕೆ ಹರಿಯುತ್ತಿದ್ದ ನೀರಿಗೆ ಅದು ಅಡ್ಡ ನಿಂತಿತು. ನೀರು ಹಿಂದೆ ನಿಂತು ಸರೋವರವಾಯಿತು. ಸುತ್ತಲ ಬೆಟ್ಟಗಳಿಂದ ಬಂದ ಹೂಳು ಅದರ ತಳದಲ್ಲಿ ಪದರ ಪದರವಾಗಿ ಕೂತಿತು. ಆ ಹೂಳಿನ ದಿಬ್ಬಗಳನ್ನೇ ಇವತ್ತು ಕರೇವಾ ಎನ್ನುತ್ತಾರೆ. ಒಟ್ಟು ದಪ್ಪ ಸುಮಾರು 1,300 ಮೀಟರ್. ಇದನ್ನು ಓದಿ ಸರೋವರವೂ ಅಷ್ಟೇ ಆಳ ಇತ್ತು ಅಂದುಕೊಳ್ಳಬೇಡಿ. ಹೂಳು ತುಂಬುತ್ತಿದ್ದ ಹಾಗೇ ತಳವೂ ಕುಸಿಯುತ್ತಿತ್ತು. ಜೊತೆಗೆ ಅದು ಉದ್ದಕ್ಕೂ ಸರೋವರವಾಗಿಯೇ ಇರಲಿಲ್ಲ. ಪದರಗಳಲ್ಲಿ ಒಂದು ಕಡೆ ನಿಂತ ನೀರಿನ ನುಣ್ಣನೆಯ ಬೂದು ಜೇಡಿ ಸಿಗುತ್ತದೆ, ಅದರ ಮೇಲೆ ಹರಿಯುವ ನದಿ ತಂದ ಮರಳು ಮತ್ತು ಉರುಟು ಕಲ್ಲು, ಮತ್ತೆ ಜೇಡಿ, ನಡುವೆ ಜೌಗಿನಲ್ಲಿ ಕೊಳೆತ ಗಿಡಗಳಿಂದಾದ ಲಿಗ್ನೈಟ್ ಕಲ್ಲಿದ್ದಲು. ಸರೋವರ ಬಂದಿದೆ, ಹೋಗಿದೆ, ಮತ್ತೆ ಬಂದಿದೆ.

ನಡುವೆ ಇಡೀ ತಳವೇ ವಾಲಿತು. ಪೀರ್ ಪಂಜಾಲ್ ಇನ್ನೂ ಏಳುತ್ತಲೇ ಇತ್ತು. ಒಂದು ಬದಿ ಎತ್ತಿದ ತಟ್ಟೆಯಲ್ಲಿ ನೀರು ಇನ್ನೊಂದು ಬದಿಗೆ ಸರಿಯುತ್ತದಲ್ಲ, ಹಾಗೆ ಸರೋವರ ಈಶಾನ್ಯಕ್ಕೆ ಜಾರಿತು. ನಕ್ಷೆ ತೆಗೆದು ನೋಡಿ, ಇವತ್ತಿಗೂ ಗೊತ್ತಾಗುತ್ತದೆ. ಝೇಲಂ ಬಯಲಿನ ನಡುವೆ ಹರಿಯುವುದಿಲ್ಲ, ಈಶಾನ್ಯದ ಬೆಟ್ಟಗಳಿಗೆ ಒತ್ತಿಕೊಂಡು ಹರಿಯುತ್ತದೆ. ದಾಲ್ ಸರೋವರ, ವುಲರ್ ಸರೋವರ ಎರಡೂ ಅದೇ ಬದಿಗಿವೆ. ಅಗಲವಾದ ಕರೇವಾ ದಿಬ್ಬಗಳೆಲ್ಲ ಜಾಸ್ತಿ ಪೀರ್ ಪಂಜಾಲ್ ಕಡೆಗಿವೆ, ಬೆಟ್ಟದ ಮೈಮೇಲೂ ಮೇಲಕ್ಕೆ ಹತ್ತಿ ಹೋಗಿವೆ. ಸರೋವರದ ತಳದ ಜೇಡಿ ಬೆಟ್ಟದ ಇಳಿಜಾರಿನಲ್ಲಿ ಸಿಗುವುದು ಅಂದರೆ ಬೆಟ್ಟ ಆಮೇಲೆ ಎದ್ದಿದೆ ಎಂದೇ ಅರ್ಥ.

ಇದಕ್ಕಿಂತ ನನಗೆ ಇಷ್ಟವಾದ ಸಾಕ್ಷಿ ಬೇರೆ ಇದೆ. ಪೀರ್ ಪಂಜಾಲ್‌ನ ಮೇಲಿನ ಇಳಿಜಾರುಗಳಲ್ಲಿ ಕರೇವಾ ಜೇಡಿಯ ಹಳೆಯ ಪದರಗಳನ್ನು ಬಿಡಿಸಿದರೆ ಓಕ್ ಮರದ ಎಲೆಗಳ ಅಚ್ಚು ಸಿಗುತ್ತದೆ. ಕಾಶ್ಮೀರ ಬಯಲಿನ ಸುತ್ತ ಇವತ್ತು ಓಕ್ ಕಾಡು ಇಲ್ಲ. ದೇವದಾರು, ಕೈಲ್ ಪೈನ್, ಫರ್, ಅದರ ಮೇಲೆ ಭೂರ್ಜ, ಇವೇ ಇರುವುದು. ಓಕ್‌ಗೆ ಬೇಸಿಗೆಯ ಮಳೆ ಬೇಕು. ಅಂದರೆ ಆ ಎಲೆ ಉದುರಿದಾಗ ಮುಂಗಾರು ಸಲೀಸಾಗಿ ಒಳಗೆ ಬರುತ್ತಿತ್ತು, ಪೀರ್ ಪಂಜಾಲ್ ಇನ್ನೂ ಅದನ್ನು ತಡೆಯುವಷ್ಟು ಬೆಳೆದಿರಲಿಲ್ಲ. ಒಂದು ಎಲೆಯ ಅಚ್ಚಿನಿಂದ ಪರ್ವತದ ಎತ್ತರ ಲೆಕ್ಕ ಹಾಕುವುದು ಸುಮ್ನೆ ಮಾತಲ್ಲ ಅಲ್ವಾ?

ಹಾಗಾದರೆ ನೀರು ಹೋಗಿದ್ದು ಹೇಗೆ? ಎರಡು ಕೆಲಸ ಒಟ್ಟಿಗೆ ನಡೆದವು. ಒಂದು, ಸರೋವರ ಹೂಳಿನಿಂದ ತುಂಬುತ್ತಾ ಬಂತು. ಎರಡು, ಬಾರಾಮುಲ್ಲಾದ ಆಚೆ ಕಡೆ ಕೆಳಗಿನಿಂದ ನದಿಯೊಂದು ಹಿಂದಕ್ಕೆ ಹಿಂದಕ್ಕೆ ಕೊರೆಯುತ್ತಾ ಬಂತು. ಭೂಪದರದ ಬಿರುಕು, ಅಲುಗಾಟ ಅದಕ್ಕೆ ನೆರವಾದವು. ಕಡೆಗೆ ಬೆಟ್ಟದ ಅಂಚು ತುಂಡಾಗಿ ನೀರು ಹೊರಗೆ ಹರಿಯಿತು. ಕಥೆಯಲ್ಲಿ ಒಂದೇ ಏಟಿಗೆ ಆದದ್ದು ನೆಲದಲ್ಲಿ ಸಾವಿರಾರು ವರ್ಷ ಹಿಡಿದಿದೆ. ಹೊರಗೆ ಹೋದ ನೀರು ಈಗಿನ ಝೇಲಂ ಹಾದಿಯಲ್ಲೇ ಮುಜಫರಾಬಾದ್ ದಾಟಿ, ಪಂಜಾಬಿನ ಬಯಲಿಗಿಳಿದು, ಚೆನಾಬ್ ಸೇರಿ, ಸಿಂಧೂವಿನ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಯಿತು. ಇವತ್ತಿಗೂ ಝೇಲಂ ಹುಟ್ಟುವ ವೆರಿನಾಗ್ ಚಿಲುಮೆಯ ನೀರು ಹೋಗುವುದು ಅಲ್ಲಿಗೇ. ಪ್ರವಾಸದಲ್ಲಿ ನಿಮ್ಮ ಗೈಡ್ ದಾಲ್ ಸರೋವರವನ್ನು ಸತೀಸರದ ಮಿಕ್ಕ ತುಣುಕು ಎಂದು ತೋರಿಸಬಹುದು. ಹೇಳಲಿ ಬಿಡಿ, ಕೇಳಲು ಚೆನ್ನಾಗಿರುತ್ತದೆ. ಆದರೆ ಸರೋವರ ಬರಿದಾದ ಮೇಲೆ ಝೇಲಂ ಅಂಕುಡೊಂಕಾಗಿ ಅಡ್ಡಾಡಿದ ಬಯಲಿನ ತಗ್ಗು ಎಂದು ನೋಡುವುದೇ ನನಗೆ ಹೆಚ್ಚು ಸರಿ ಅನಿಸುತ್ತದೆ.

ನಿಜವಾದ ಉಳಿಕೆ ಕರೇವಾ. ಶ್ರೀನಗರದಿಂದ ಪಾಂಪೋರ್ ಕಡೆ ಹೋಗುವಾಗ ರಸ್ತೆ ಪಕ್ಕ ದಿಬ್ಬ ಕಡಿದ ಜಾಗಗಳಿರುತ್ತವೆ. ಕಾರು ನಿಲ್ಲಿಸಿ ನೋಡಿ. ಮೇಲೆ ಕೆಲವು ಮೀಟರ್ ದಪ್ಪ ತಿಳಿ ಕಂದು ಮಣ್ಣು. ಬೆರಳಿನಿಂದ ಉಜ್ಜಿದರೆ ಹಿಟ್ಟಿನ ಹಾಗೆ ಉದುರುತ್ತದೆ, ಆದರೂ ಗೋಡೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಅದು ನೀರು ತಂದದ್ದಲ್ಲ, ಹಿಮಯುಗಗಳಲ್ಲಿ ಗಾಳಿ ತಂದು ಸುರಿದ ಧೂಳು. ಅದರೊಳಗೆ ಅಲ್ಲಲ್ಲಿ ಕಪ್ಪಗಿನ ಪಟ್ಟಿಗಳು ಕಾಣುತ್ತವೆ. ಧೂಳು ಬೀಳುವುದು ಕಡಿಮೆಯಾಗಿ, ಹವೆ ಸ್ವಲ್ಪ ಬೆಚ್ಚಗಾಗಿ, ಹುಲ್ಲು ಬೆಳೆದು ಮೇಲ್ಮಣ್ಣಾಗಿದ್ದ ಕಾಲದ ಗುರುತು ಅವು. ಅದರ ಕೆಳಗಿನ ಮರಳು, ಜೇಡಿ ಪದರಗಳು ನೀರಿನ ಕಾಲದವು. ಶ್ರೀನಗರದ ಹತ್ತಿರ ಬುರ್ಜಹೋಮ್‌ನಲ್ಲಿ ಸುಮಾರು 5,000 ವರ್ಷಗಳ ಹಿಂದೆ ಜನ ಇಂಥ ಮಣ್ಣಿನಲ್ಲೇ ಗುಂಡಿ ತೋಡಿ ಅದರೊಳಗೆ ಸಂಸಾರ ಮಾಡಿದ್ದರು. ತೋಡಲು ಸುಲಭ, ಕುಸಿಯುವುದಿಲ್ಲ, ಚಳಿಗಾಲಕ್ಕೆ ಬೆಚ್ಚಗೆ.

ಪಾಂಪೋರ್ ಹತ್ತಿರದ ಗಾಲಂದರ್‌ನಲ್ಲಿ 2000ನೇ ಇಸವಿಯಲ್ಲಿ ಆನೆಯೊಂದರ ದೊಡ್ಡ ತಲೆಬುರುಡೆ ಸಿಕ್ಕಿತು. ಈಗಿನ ಆನೆಯಲ್ಲ, ಅಳಿದುಹೋದ ಬೇರೆ ಜಾತಿ. ಜೊತೆಗೇ ಮನುಷ್ಯರು ಮಾಡಿದ 87 ಕಲ್ಲಿನ ಉಪಕರಣಗಳು. ಮೂಳೆ ಒಡೆದು ಮಜ್ಜೆ ತೆಗೆದ ಹಾಗೆ ಕಾಣುವ ಚಕ್ಕೆಗಳೂ ಇದ್ದವು. 2024ರಲ್ಲಿ ಪ್ರಕಟವಾದ ಅಧ್ಯಯನಗಳು ಇದಕ್ಕೆ 3ರಿಂದ 4 ಲಕ್ಷ ವರ್ಷ ವಯಸ್ಸು ಹೇಳಿವೆ.

ಪಾಂಪೋರ್ ಅಂದರೆ ನಿಮಗೆ ನೆನಪಾಗುವುದು ಕೇಸರಿ ಇರಬೇಕು. ಅದೂ ಕರೇವಾ ಮಣ್ಣಿನದೇ ಕೊಡುಗೆ. ಕೇಸರಿ ಗಡ್ಡೆಗೆ ನೀರು ನಿಂತರೆ ಆಗುವುದಿಲ್ಲ, ಕೊಳೆತು ಹೋಗುತ್ತದೆ. ದಿಬ್ಬದ ಮಣ್ಣು ನೀರು ಹಿಡಿಯುವಷ್ಟು ಹಿಡಿದು ಉಳಿದದ್ದನ್ನು ಬಿಟ್ಟುಬಿಡುತ್ತದೆ. ಕೆಳಗಿನ ಬಯಲಿನಲ್ಲಿ ಭತ್ತ, ದಿಬ್ಬದ ಮೇಲೆ ಕೇಸರಿ ಮತ್ತು ಬಾದಾಮಿ. ಎತ್ತರ ಐವತ್ತು ಮೀಟರ್ ಬದಲಾದರೆ ಬೆಳೆಯೇ ಬದಲು. ನೀವು ಏಪ್ರಿಲ್‌ನಲ್ಲಿ ಹೋಗುವುದರಿಂದ ಕೇಸರಿ ಹೂ ಕಾಣುವುದಿಲ್ಲ, ಅದು ಅಕ್ಟೋಬರ್ ಕೊನೆ ಮತ್ತು ನವೆಂಬರ್‌ನದು. ಹೊಲದಲ್ಲಿ ಹುಲ್ಲಿನಂಥ ಎಲೆ ನೋಡಿ ನಿರಾಸೆ ಮಾಡಿಕೊಳ್ಳಬೇಡಿ.

ಸರಿ, 2014. ಆ ವರ್ಷ ಸೆಪ್ಟೆಂಬರ್ ಮೊದಲ ವಾರ ಪಶ್ಚಿಮದ ಕಡೆಯಿಂದ ಬಂದ ಮಳೆ ಮಾರುತವೂ ಮುಂಗಾರಿನ ತೇವವೂ ಕಣಿವೆಯ ಮೇಲೆ ಒಟ್ಟಿಗೆ ಸೇರಿದವು. ದಕ್ಷಿಣ ಕಾಶ್ಮೀರದಲ್ಲಿ ಎಡೆಬಿಡದೆ ಸುರಿಯಿತು. ಝೇಲಂನ ಉಪನದಿಗಳಲ್ಲಿ ಹಲವು, ಅಂದರೆ ಬ್ರಿಂಗಿ, ಸಂದ್ರನ್, ಲಿದ್ದರ್, ವಿಶೌ, ರಂಬಿಯಾರ, ಇವೆಲ್ಲ ಸಂಗಮ್ ಎಂಬ ಊರು ಮುಟ್ಟುವಷ್ಟರಲ್ಲಿ ಅದಕ್ಕೆ ಸೇರಿಬಿಡುತ್ತವೆ. ಬೆಟ್ಟದಿಂದ ಓಡಿ ಬಂದ ನೀರು ಅಲ್ಲಿಂದ ಮುಂದೆ ಚಪ್ಪಟೆ ನೆಲಕ್ಕೆ ಬಂದು ಬೀಳುತ್ತದೆ. ಎಷ್ಟು ಚಪ್ಪಟೆ ಗೊತ್ತಾ? ಶ್ರೀನಗರ ಸಮುದ್ರಮಟ್ಟದಿಂದ ಸುಮಾರು 1,585 ಮೀಟರ್, ನದಿಯ ಹಾದಿಯಲ್ಲಿ ಎಷ್ಟೋ ಮುಂದಿರುವ ವುಲರ್ ಸುಮಾರು 1,580. ಅಷ್ಟು ದೂರಕ್ಕೆ ನಾಲ್ಕೈದು ಮೀಟರ್ ಇಳಿತ. ಅದಕ್ಕೇ ಅಲ್ಲಿ ಝೇಲಂನಲ್ಲಿ ದೋಣಿಮನೆ ಕಟ್ಟಿಕೊಂಡು ಜನ ನೆಮ್ಮದಿಯಾಗಿರಲು ಆಗುತ್ತದೆ. ಅದೇ ನದಿ ಬಾರಾಮುಲ್ಲಾ ದಾಟಿ ಮುಜಫರಾಬಾದ್ ಮುಟ್ಟುವಷ್ಟರಲ್ಲಿ 800 ಮೀಟರಿಗೂ ಜಾಸ್ತಿ ಇಳಿಯುತ್ತದೆ. ಕಣಿವೆಯೊಳಗೆ ತೆವಳುವ ನದಿ ಹೊರಗೆ ಹೋದ ತಕ್ಷಣ ಭೋರ್ಗರೆಯುತ್ತದೆ.

ಶ್ರೀನಗರದ ಒಳಗೆ ನದಿಯ ಪಾತ್ರ ಸುಮಾರು 35,000 ಕ್ಯುಸೆಕ್ ಹಿಡಿಯುತ್ತದೆ ಎಂಬುದು ನೀರಾವರಿಯವರ ಲೆಕ್ಕ. ಆ ಸಲ ಸಂಗಮ್‌ನಲ್ಲಿ ಒಂದು ಲಕ್ಷ ಕ್ಯುಸೆಕ್‌ಗೂ ಜಾಸ್ತಿ ಹರಿಯಿತು. ಏರಿಗಳು ಒಡೆದು ಸೆಪ್ಟೆಂಬರ್ 7ಕ್ಕೆ ಊರೊಳಗೆ ನೀರು ನುಗ್ಗಿತು. ಬೇರೆ ಊರುಗಳಲ್ಲಿ ಪ್ರವಾಹ ಬರುತ್ತದೆ, ಇಳಿಯುತ್ತದೆ. ಇಲ್ಲಿ ಇಳಿಯಲು ಇಳಿಜಾರೇ ಇಲ್ಲ, ಮುಂದೆ ಇರುವುದು ಇಕ್ಕಟ್ಟಾದ ಒಂದೇ ದಾರಿ. ಜೊತೆಗೆ ಊರಿನ ಹಲವು ಹೊಸ ಬಡಾವಣೆಗಳು ನದಿಯ ಮಟ್ಟಕ್ಕಿಂತ ತಗ್ಗಿನಲ್ಲಿವೆ. ಬೆಮಿನಾದಂಥ ಜಾಗ ಹಿಂದೆ ಜೌಗು. ಒಮ್ಮೆ ಏರಿ ದಾಟಿ ಒಳಗೆ ಬಂದ ನೀರು ತಾನಾಗಿ ಹಿಂದಕ್ಕೆ ನದಿಗೆ ಹೋಗಲು ಆಗಲಿಲ್ಲ. ಪಂಪ್ ಹಚ್ಚಿ ಎತ್ತಿ ಹಾಕಬೇಕಾಯಿತು. ವಿಮಾನ ನಿಲ್ದಾಣ ಮಾತ್ರ ನಡೆಯುತ್ತಲೇ ಇತ್ತು. ಪರಿಹಾರದ ವಿಮಾನಗಳೆಲ್ಲ ಇಳಿದದ್ದು ಅಲ್ಲೇ. ಯಾಕೆ ಅಂದರೆ ಅದು ಇರುವುದು ಕರೇವಾ ದಿಬ್ಬದ ಮೇಲೆ. ನೀವು ವಿಮಾನ ಇಳಿದು ಊರಿಗೆ ಬರುವಾಗ ರಸ್ತೆ ಕೆಳಗಿಳಿಯುತ್ತದೆ, ಗಮನಿಸಿ. ಹಳೆಯ ಸರೋವರದ ಹೂಳಿನ ಮೇಲಿಂದ ಇವತ್ತಿನ ನದಿಯ ಬಯಲಿಗೆ ಇಳಿಯುತ್ತಿರುತ್ತೀರಿ.

ಹಿಂದಿನವರಿಗೆ ಇದು ಗೊತ್ತಿತ್ತು. 9ನೇ ಶತಮಾನದಲ್ಲಿ ಕಾಶ್ಮೀರದ ರಾಜ ಅವಂತಿವರ್ಮನ ಕಾಲದಲ್ಲಿ ಸುಯ್ಯ ಎಂಬಾತ ಇದ್ದ. ಪ್ರವಾಹ, ಬರಗಾಲ ಎರಡೂ ಬಿಡದೆ ಕಾಡುತ್ತಿದ್ದ ಕಾಲ. ಬಾರಾಮುಲ್ಲಾದ ಕಡೆ ಬೆಟ್ಟದಿಂದ ಉರುಳಿದ ಬಂಡೆಗಳು ನದಿಯನ್ನು ಕಟ್ಟಿಹಾಕಿದ್ದವು. ಕಲ್ಹಣನ ರಾಜತರಂಗಿಣಿ ಹೇಳುವಂತೆ, ಸುಯ್ಯ ಹಣದ ಗಡಿಗೆ ತೆಗೆದುಕೊಂಡು ಹೋಗಿ ದೀನಾರಗಳನ್ನು ಆ ನೀರಿಗೆ ಎರಚಿದ. ನೋಡಿದವರೆಲ್ಲ ಹುಚ್ಚ ಎಂದರು. ಹಸಿದ ಜನ ನಾಣ್ಯಕ್ಕಾಗಿ ನೀರಿಗಿಳಿದು ಬಂಡೆ ಎತ್ತೆತ್ತಿ ದಡಕ್ಕೆ ಹಾಕಿದರು. ನದಿ ತೆರೆಯಿತು. ಆಮೇಲೆ ಅವನು ಏಳು ದಿನ ನದಿಗೆ ಕಟ್ಟೆ ಕಟ್ಟಿಸಿ ಕೆಳಗಿನ ಪಾತ್ರದ ಹೂಳು ತೆಗೆಸಿದ, ಮತ್ತೆ ಬಂಡೆ ಉರುಳದಂತೆ ಪಕ್ಕಕ್ಕೆ ಕಲ್ಲಿನ ಗೋಡೆ ಹಾಕಿಸಿದ. ಖಾರಿಗೆ (ಧಾನ್ಯದ ಹಳೆಯ ಅಳತೆ) 200 ದೀನಾರ ಇದ್ದ ಅಕ್ಕಿ 36ಕ್ಕೆ ಇಳಿಯಿತು ಎಂದು ಕಲ್ಹಣ ಬರೆಯುತ್ತಾನೆ. ಸೇಬಿನ ಮಂಡಿಗೆ ಹೆಸರಾದ ಸೋಪೋರ್ ಇದೇ ಸುಯ್ಯನ ಊರು. ನಾಣ್ಯದ ಕಥೆಗೆ ಬಣ್ಣ ಹಚ್ಚಿರಬಹುದು. ಆದರೆ ಕೈಹಾಕಿದ ಜಾಗ ನೋಡಿ. ಊರಿನ ಹತ್ತಿರ ಏರಿ ಎತ್ತರಿಸುತ್ತಾ ಕೂರಲಿಲ್ಲ, ನೇರ ಬಾರಾಮುಲ್ಲಾಗೆ ಹೋದ.

ಸಾವಿರ ವರ್ಷದ ಮೇಲೆ ಇನ್ನೊಬ್ಬ ಅದೇ ಜಾಗಕ್ಕೆ ಹೋದ. ಇದು ನಮ್ಮವರಿಗೆ ಖುಷಿ ಕೊಡುವ ಸಂಗತಿ. 1903ರಲ್ಲಿ ಶ್ರೀನಗರದಲ್ಲಿ ದೊಡ್ಡ ಪ್ರವಾಹ ಬಂತು. ಅದಾದ ಮೇಲೆ ಊರಿಗೆ ಬರುವ ಮುಂಚೆಯೇ ಪಾದಶಾಹಿ ಬಾಗ್‌ನಲ್ಲಿ ಝೇಲಂ ನೀರನ್ನು ಒಡೆದು, ಪಶ್ಚಿಮದ ಜೌಗುಗಳ ಮೂಲಕ ಸುತ್ತಿಸುವ ಕಾಲುವೆ ತೋಡಿದರು. ಅದು ಈಗಲೂ ಇದೆ. ಹೊರದಾರಿಯ ಹೂಳು ತೆಗೆಯಲು ವಿದ್ಯುತ್ತಿನ ಡ್ರೆಡ್ಜರ್ ಬೇಕು, ಅದಕ್ಕೆ ವಿದ್ಯುತ್ ಬೇಕು ಎಂದು ಬಾರಾಮುಲ್ಲಾದ ಕೆಳಗೆ ಮೊಹೊರಾದಲ್ಲಿ ಜಲವಿದ್ಯುತ್ ಕೇಂದ್ರ ಕಟ್ಟಿಸಿದರು. ನೀರನ್ನು ಕಮರಿಯ ಪಕ್ಕದಲ್ಲಿ ಮೈಲಿಗಟ್ಟಲೆ ಮರದ ಕಾಲುವೆಯಲ್ಲಿ ತಂದರು. ಈ ಕೆಲಸಗಳ ಹಿಂದಿದ್ದ ಎಂಜಿನಿಯರ್ ಮೇಜರ್ ಜೋಲಿ ದ ಲಾತ್ಬಿನಿಯೇರ್. ಅದಕ್ಕೆ ಮುಂಚೆ ಮೈಸೂರು ಸಂಸ್ಥಾನದಲ್ಲಿದ್ದು, 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿಸಿದವನೂ ಅವನೇ. ಕಾವೇರಿಯಲ್ಲಿ ಬಳಸಿದ ಬುದ್ಧಿ ಝೇಲಂಗೂ ಕೆಲಸಕ್ಕೆ ಬಂತು.

ಹಾಗಿದ್ದರೂ 2014 ಯಾಕಾಯಿತು? ಮಳೆಯ ಮೇಲೆ ಪೂರ್ತಿ ಹೊಣೆ ಹೊರಿಸಲು ನಾನು ಒಪ್ಪುವುದಿಲ್ಲ. ಹೊರದಾರಿ ಚಿಕ್ಕದಿರುವಾಗ ನೀರಿಗೆ ಕಾಯುವ ಜಾಗ ಬೇಕು. ಆ ಜಾಗ ವುಲರ್, ಹೋಕರ್ಸರ್, ಹೈಗಮ್‌ನಂಥ ಜೌಗುಗಳು. ವುಲರ್ ಭಾರತದ ಅತಿ ದೊಡ್ಡ ಸಿಹಿನೀರಿನ ಸರೋವರಗಳಲ್ಲಿ ಒಂದು. ಚಳಿಗಾಲದಲ್ಲಿ ಕುಗ್ಗುತ್ತದೆ, ಹಿಮ ಕರಗಿದಾಗ ಹಲವು ಪಟ್ಟು ಹರಡುತ್ತದೆ. ಈ ಹಿಗ್ಗು ಕುಗ್ಗೇ ಅದರ ಕೆಲಸ. ಝೇಲಂ ಅದರೊಳಗೆ ಹೊಕ್ಕು, ಹೂಳು ಬಿಟ್ಟು, ಸೋಪೋರ್ ಕಡೆ ಹೊರಡುತ್ತದೆ. ಕಳೆದ ಶತಮಾನದಲ್ಲಿ ಅದರ ಅಂಚಿನ ತುಂಬಾ ವಿಲೋ ಮರ ನೆಟ್ಟರು. ಸೌದೆಗೆ, ಹಣ್ಣಿನ ಪೆಟ್ಟಿಗೆಗೆ ಆಗುತ್ತದೆ ಎಂದು. ಕಾಶ್ಮೀರಿ ವಿಲೋ ಬ್ಯಾಟ್ ಹಿಡಿದು ಆಡಿದ ನಾವೂ ಆ ಮರವನ್ನು ಬೈಯುವ ಹಾಗಿಲ್ಲ. ಆದರೆ ಬೇರುಗಳು ಹೂಳು ಹಿಡಿದವು, ನೀರಿನ ಜಾಗ ನೆಲವಾಯಿತು.

ಆ ಹೂಳು ಬರುವುದೆಲ್ಲಿಂದ? ಬಹುಪಾಲು ಪೀರ್ ಪಂಜಾಲ್ ಕಡೆಯ ಹಳ್ಳಗಳು ಕರೇವಾ ಕೊರೆದು ತರುವ ಮಣ್ಣು. ಇಟ್ಟಿಗೆ ಭಟ್ಟಿಗೆ, ರಸ್ತೆ ರೈಲು ದಾರಿಯ ಏರಿಗೆ ದಿಬ್ಬಗಳನ್ನು ಅಗೆದಷ್ಟೂ ಸಡಿಲ ಮಣ್ಣು ಜಾಸ್ತಿ. ಅಂದರೆ ಹಳೆಯ ಸರೋವರದ ಹೂಳು ಎದ್ದು ಬಂದು ಈಗಿನ ಸರೋವರವನ್ನು ತುಂಬುತ್ತಿದೆ. 1992ರ ಪ್ರವಾಹದಲ್ಲಿ ಬಂದ ಹೂಳಿನಡಿ ವುಲರ್‌ನ ತಾವರೆ ಹೂತು ಹೋಯಿತು. ತಾವರೆ ದಂಟನ್ನು ಅಲ್ಲಿ ನದ್ರು ಎನ್ನುತ್ತಾರೆ, ಮನೆಮನೆಯ ಅಡುಗೆ. ಅದನ್ನು ಕಿತ್ತು ಮಾರಿ ಬದುಕುತ್ತಿದ್ದ ದಡದ ಹಳ್ಳಿಗಳಿಗೆ ದೊಡ್ಡ ಏಟು. ಇತ್ತೀಚೆಗೆ ಕೆಲವು ಚದರ ಕಿಲೋಮೀಟರ್ ಹೂಳು ತೆಗೆದ ಮೇಲೆ 2025ರ ಬೇಸಿಗೆಯಲ್ಲಿ ತಾವರೆ ಮತ್ತೆ ಅರಳಿತು. ಮೂವತ್ತು ವರ್ಷಕ್ಕೂ ಮೇಲೆ ಹೂಳಿನಡಿ ಉಳಿದಿತ್ತು ನೋಡಿ.

ಕೊನೆಯ ಪ್ರಶ್ನೆ, ಮಳೆ. ನಮ್ಮ ಲೆಕ್ಕದ ಮಳೆಗಾಲ ಅಲ್ಲಿಲ್ಲ. ಮುಂಗಾರಿನ ಹೆಚ್ಚಿನ ಪಾಲನ್ನು ಪೀರ್ ಪಂಜಾಲ್‌ನ ದಕ್ಷಿಣದ ಮೈಯೇ ಹೀರಿಕೊಳ್ಳುತ್ತದೆ. ಶ್ರೀನಗರಕ್ಕೆ ವರ್ಷಕ್ಕೆ ಸುಮಾರು 700 ಮಿ.ಮೀ. ಅದರಲ್ಲಿ ದೊಡ್ಡ ಪಾಲು ತರುವುದು ಮೆಡಿಟರೇನಿಯನ್ ಕಡೆಯಿಂದ ಬರುವ ಮಾರುತಗಳು. ಚಳಿಗಾಲದಲ್ಲಿ ಹಿಮ, ವಸಂತದಲ್ಲಿ ಮಳೆ. ಡಿಸೆಂಬರ್ 21ರಿಂದ 40 ದಿನ ಚಿಲ್ಲೈ ಕಲಾನ್, ಚಳಿಯ ತುತ್ತತುದಿ. ಆಗ ಬಿದ್ದ ಹಿಮವೇ ಮೇ, ಜೂನ್‌ನಲ್ಲಿ ಕರಗಿ ಭತ್ತದ ಗದ್ದೆಗೆ ಬರುವುದು.

ನೀವು ಹೋಗುವ ಏಪ್ರಿಲ್ ಅಲ್ಲಿ ಜಾಸ್ತಿ ಮಳೆ ಬರುವ ತಿಂಗಳುಗಳಲ್ಲಿ ಒಂದು. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ, ಸಂಜೆ ಹೊಯ್ಯುವುದು ಸಾಮಾನ್ಯ. ಗುಲ್ಮಾರ್ಗ್ 2,650 ಮೀಟರ್ ಎತ್ತರದಲ್ಲಿದೆ, ಕೆಳಗೆ ಮಳೆ ಬರುವಾಗ ಅಲ್ಲಿ ಹಿಮ ಬೀಳಬಹುದು. ಕೊಡೆಗಿಂತ ಮಳೆಕೋಟು ವಾಸಿ, ಒಂದು ದಪ್ಪ ಸ್ವೆಟರ್ ಕೈಚೀಲದಲ್ಲೇ ಇರಲಿ. ಒಂದು ದಿನ ಉಳಿದರೆ ಸೋಪೋರ್ ದಾಟಿ ಬಾರಾಮುಲ್ಲಾ ತನಕ ಹೋಗಿ ಬನ್ನಿ, ಶ್ರೀನಗರದಿಂದ ರೈಲೂ ಇದೆ. ಪ್ರವಾಸದ ಪ್ಯಾಕೇಜ್‌ನಲ್ಲಿ ಆ ಊರು ಸಾಮಾನ್ಯವಾಗಿ ಇರುವುದಿಲ್ಲ, ಕೇಳಿ ಸೇರಿಸಿಕೊಳ್ಳಬೇಕು.